ಬಾನ್ಯೋಸ್ ಜಲಪಾತದ ರೂಟ್ ಸೈಕಲ್‌ನಲ್ಲಿ ಮಾಡಬಹುದಾ?

ಪ್ರಶ್ನೆ: ಈಕ್ವೆಡಾರ್‌ಗೆ ಹೋಗ್ತಿದೀನಿ, ಬಾನ್ಯೋಸ್‌ನಲ್ಲಿ ಸೈಕಲ್ ಬಾಡಿಗೆಗೆ ತಗೊಂಡು ಪೈಲೋನ್ ದೆಲ್ ದಿಯಾಬ್ಲೋ ಫಾಲ್ಸ್ ತನಕ ಹೋಗೋ ಪ್ಲಾನ್, ಆದ್ರೆ ಸೈಕಲ್ ತುಳಿದು ವರ್ಷಗಳೇ ಆಯ್ತು, ಆಗುತ್ತಾ?

ಉತ್ತರ 1: ಆರಾಮಾಗಿ ಆಗುತ್ತೆ. ಸುಮಾರು 18 ಕಿ.ಮೀ., ಪಾಸ್ತಾಸಾ ನದಿ ಕಣಿವೆ ಪಕ್ಕದಲ್ಲೇ, ಇಳಿಜಾರೇ ಜಾಸ್ತಿ, ಅಲ್ಲಲ್ಲಿ ಸಣ್ಣ ಏರು. ಹೊರಡೋ ಮುಂಚೆ ಎರಡೂ ಬ್ರೇಕ್ ಹಿಡಿದು ನೋಡು, ನಂಗೆ ಸಿಕ್ಕಿದ ಸೈಕಲ್ಲಿನ ಹಿಂದಿನ ಬ್ರೇಕ್ ಹೆಸರಿಗಷ್ಟೇ ಇತ್ತು, ಅರ್ಧ ದಾರಿ ಶೂ ಸವೆಸಿದ್ದೇ ಬಂತು 😅

ಉತ್ತರ 2: ಸುರಂಗಗಳಲ್ಲಿ ಹುಷಾರು. ಬಹಳಷ್ಟು ಕಡೆ ಸೈಕಲ್‌ನೋರಿಗೆ ಪಕ್ಕದಲ್ಲೇ ಹಳೇ ರಸ್ತೆ ಇದೆ, ಬೋರ್ಡ್ ನೋಡ್ಕೊಂಡು ಅಲ್ಲೇ ಹೋಗು, ಮೊದಲನೇದರಲ್ಲಿ ಮಾತ್ರ ಗಾಡಿಗಳ ಜೊತೆನೇ ನುಗ್ಗಬೇಕು, ಲೈಟ್ ಇರ್ಲಿ.

ಪ್ರಶ್ನೆ ಕೇಳಿದವರು: ವಾಪಸ್ ಬರುವಾಗ ಪೂರ್ತಿ ಹತ್ತಬೇಕಲ್ವಾ??

ಉತ್ತರ 1: ಬೇಡಪ್ಪ, ಫಾಲ್ಸ್ ಹತ್ತಿರದ ಊರು ರಿಯೋ ವೆರ್ದೆಯಿಂದ ಸೈಕಲ್ ಸಮೇತ ಟ್ರಕ್‌ನಲ್ಲಿ ಹಾಕ್ಕೊಂಡು ಬರ್ತಾರೆ, ಡಾಲರ್ ಚಿಲ್ಲರೆ ಇಟ್ಕೋ.