ಕಾಟ್ಸ್‌ವೋಲ್ಡ್ಸ್‌ನಲ್ಲಿ ಕೊನೆಯ ದಿನ: ಬ್ಲೆನಿಮ್ ಅರಮನೆಯೋ, ಹೊಲದ ಕಾಲುದಾರಿಯೋ?

ಕುಕ್ಕರಹಳ್ಳಿ ಕೆರೆ ಪಕ್ಕದವಳು:

ಎಲ್ಲರಿಗೂ ನಮಸ್ಕಾರ. ನಾನು, ನಮ್ಮ ಯಜಮಾನರು ಮೈಸೂರಿನಿಂದ ಬಂದು ಇಂಗ್ಲೆಂಡಿನ ಕಾಟ್ಸ್‌ವೋಲ್ಡ್ಸ್ ಗುಡ್ಡಗಾಡಿನ ಮೋರ್ಟನ್-ಇನ್-ಮಾರ್ಷ್ ಎಂಬ ಸಣ್ಣ ಪೇಟೆಯಲ್ಲಿ ಉಳಿದುಕೊಂಡಿದ್ದೇವೆ. ಮಕ್ಕಳಾದ ಮೇಲೆ ನಾವಿಬ್ಬರೇ ಹೊರಟ ಮೊದಲ ಪ್ರವಾಸ ಇದು. ಗುರುವಾರ ಇಲ್ಲಿ ಕೊನೆಯ ದಿನ. ಶುಕ್ರವಾರ ಮಧ್ಯಾಹ್ನ ಹೀಥ್ರೂದಿಂದ ವಿಮಾನ.

ಎಲ್ಲರೂ ಹೇಳುವ ಊರುಗಳನ್ನೆಲ್ಲ ನೋಡಾಯಿತು. ಬೈಬರಿಯಲ್ಲಿ ನೇಕಾರರ ಹಳೇ ಮನೆಗಳ ಸಾಲು ಚೆನ್ನಾಗಿದೆ, ಆದರೆ ಟೂರಿಸ್ಟ್ ಬಸ್ಸುಗಳಿಂದ ಇಳಿದ ಜನರ ನಡುವೆ ನಿಂತು ನೋಡುವಷ್ಟರಲ್ಲಿ ಸಾಕಾಯಿತು. ಚಿಪಿಂಗ್ ಕ್ಯಾಂಪ್ಡನ್‌ನಲ್ಲಿ ಮಳೆ ಹಿಡಿಯಿತು. ಅಲ್ಲಿ 1627ರಲ್ಲಿ ಕಟ್ಟಿದ ಸಂತೆಕಟ್ಟೆ ಇದೆ, ನಾಲ್ಕೂ ಕಡೆ ಕಮಾನು, ಕೆಳಗೆ ಸವೆದ ಕಲ್ಲು ನೆಲ. ಮಳೆ ನಿಲ್ಲುವವರೆಗೆ ಅಲ್ಲೇ ನಿಂತಿದ್ದೆವು. ಮಾಡುವುದಕ್ಕೆ ಏನೂ ಇರಲಿಲ್ಲ, ಮಾತಾಡುತ್ತಾ ನಿಂತಿದ್ದೆವು ಅಷ್ಟೇ. ಇಡೀ ಪ್ರವಾಸದಲ್ಲಿ ನನಗೆ ತುಂಬಾ ಹಿಡಿಸಿದ್ದು ಅದೇ.

ಹಾಗಾಗಿ ಕೊನೆಯ ದಿನ ಬಸ್ಸು, ಟಿಕೆಟ್ಟು ಏನೂ ಬೇಡ, ರೂಮಿನ ಬಾಗಿಲಿನಿಂದಲೇ ನಡೆದು ಹೊಲಗಳ ಮಧ್ಯೆ ಹೋಗೋಣ ಅಂತ ನನ್ನ ಆಸೆ. ಯಜಮಾನರು ಕಾಲೇಜಿನಲ್ಲಿ ಇತಿಹಾಸ ಹೇಳಿಕೊಟ್ಟವರು. ಚರ್ಚಿಲ್ ಹುಟ್ಟಿದ ಬ್ಲೆನಿಮ್ ಅರಮನೆಯನ್ನು ಇಷ್ಟು ಹತ್ತಿರ ಬಂದು ಬಿಟ್ಟು ಹೋಗುವುದಾ ಅನ್ನುತ್ತಾರೆ. ಜೊತೆಗೆ, ಬೇರೆಯವರ ಜಮೀನಿಗೆ ಹಾಗೆಲ್ಲ ನುಗ್ಗಬಾರದು ಅಂತಲೂ ಹೇಳುತ್ತಾರೆ. ಅವರಿಗೆ ಮಂಡಿ ನೋವು ಬೇರೆ. ಇಲ್ಲಿ ಇರುವವರು ಏನು ಹೇಳುತ್ತೀರಿ?

ರೀಡಿಂಗ್ ಹಾಸನದವನು:

ಮೇಡಂ, ಬ್ಲೆನಿಮ್ ಕಷ್ಟವೇನಲ್ಲ. ನಿಮ್ಮ ಮೋರ್ಟನ್ ಲೈನಿನಲ್ಲೇ ಹ್ಯಾನ್‌ಬರೋ ಸ್ಟೇಷನ್ ಇದೆ. ಅಲ್ಲಿ ಇಳಿದರೆ ಅರಮನೆ ಹತ್ತಿರ. ಚರ್ಚಿಲ್ 1874ರಲ್ಲಿ ಹುಟ್ಟಿದ ಕೋಣೆ ತೋರಿಸುತ್ತಾರೆ. ಆದರೆ ಅದು ಇಡೀ ದಿನದ ಕೆಲಸ. ಒಳಗೆ ಸಾಲು, ಹೊರಗೆ ದೊಡ್ಡ ಉದ್ಯಾನ. ಮಾರನೇ ದಿನ ವಿಮಾನ ಹತ್ತುವವರು ಅಷ್ಟು ಸುಸ್ತಾಗುವುದು ಬೇಕಾ, ನೀವೇ ಯೋಚಿಸಿ.

ಶುಕ್ರವಾರಕ್ಕೆ ಒಂದು ಮಾತು. ಲಂಡನ್ನಿನ ಪ್ಯಾಡಿಂಗ್ಟನ್‌ವರೆಗೆ ಹೋಗಿ ಮತ್ತೆ ವಾಪಸ್ ಹೀಥ್ರೂಗೆ ಬರಬೇಡಿ. ಅದೇ ರೈಲಿನಲ್ಲಿ ರೀಡಿಂಗ್‌ನಲ್ಲಿ ಇಳಿಯಿರಿ. ಅಲ್ಲಿಂದ ಹೀಥ್ರೂಗೆ ನೇರ ಬಸ್ಸಿದೆ, ಲಗೇಜ್ ಕೆಳಗಿನ ಡಿಕ್ಕಿಗೆ ಹಾಕುತ್ತಾರೆ. ಒಂದು ರೈಲು ತಪ್ಪಿದರೂ ಪರವಾಗಿಲ್ಲ ಅನ್ನುವಷ್ಟು ಬೇಗ ಹೊರಡಿ.

ಚೆಲ್ಟನ್‌ಹ್ಯಾಮ್ ಅಕ್ಕ:

ನೀವು ಅಂದುಕೊಂಡಿದ್ದೇ ಸರಿ, ನಡೆಯಿರಿ! ಕೊನೆಯ ದಿನ ಇನ್ನೊಂದು ಊರಿನ ಹೆಸರು ಪಟ್ಟಿಗೆ ಸೇರಿಸಿ ಏನು ಮಾಡುತ್ತೀರಿ?

ನಿಮ್ಮ ಯಜಮಾನರಿಗೆ ಧೈರ್ಯವಾಗಿ ಹೇಳಿ, ಅದು ನುಗ್ಗುವುದಲ್ಲ. ಇಲ್ಲಿ ಪಬ್ಲಿಕ್ ಫುಟ್‌ಪಾತ್ ಅಂದರೆ ಕಾನೂನಿನ ಪ್ರಕಾರ ಯಾರು ಬೇಕಾದರೂ ನಡೆಯಬಹುದಾದ ದಾರಿ. ಜಮೀನು ಯಾರದೇ ಇರಲಿ, ಆ ದಾರಿಯನ್ನು ಅವರು ಮುಚ್ಚುವ ಹಾಗಿಲ್ಲ. ಗೇಟಿನ ಕಂಬದ ಮೇಲೆ ಹಳದಿ ಬಾಣ ಇದ್ದರೆ ಅದು ಕಾಲ್ನಡಿಗೆಯವರಿಗೆ. ನೀಲಿ ಬಾಣವಾದರೆ ಕುದುರೆ, ಸೈಕಲ್ಲುಗಳಿಗೂ ಸೇರಿದ್ದು. ನೀವು ತೆರೆದ ಗೇಟನ್ನು ಮುಚ್ಚಿ ಹೋಗಬೇಕು, ಕುರಿಗಳನ್ನು ಹೆದರಿಸಬಾರದು, ಅಷ್ಟೇ. ಆರ್ಡ್‌ನೆನ್ಸ್ ಸರ್ವೆ ಎಂಬ ಸರ್ಕಾರಿ ನಕ್ಷೆ ಸಂಸ್ಥೆಯವರ ಒಎಲ್45 ಮ್ಯಾಪ್ ಕೊಳ್ಳಿ. ಅದರಲ್ಲಿ ಇಂಥ ದಾರಿಗಳಿಗೆಲ್ಲ ಹಸಿರು ಚುಕ್ಕಿಗೆರೆ ಹಾಕಿದ್ದಾರೆ.

ದಾರಿ ಹೀಗೆ. ಮೋರ್ಟನ್‌ನಿಂದ ಬ್ಯಾಟ್ಸ್‌ಫರ್ಡ್ ಕಡೆಗೆ ಹೊಲದ ಮೇಲೆ ಹೋಗಿ. ಅಲ್ಲಿಂದ ಬೋರ್ಟನ್-ಆನ್-ದ-ಹಿಲ್. ಟೂರಿಸ್ಟರೆಲ್ಲ ಹೋಗುವ ಬೋರ್ಟನ್-ಆನ್-ದ-ವಾಟರ್ ಅಲ್ಲ, ಇದು ಏರಿನಲ್ಲಿರುವ ಸಣ್ಣ ಹಳ್ಳಿ. ಅಲ್ಲಿನ ಚರ್ಚಿನ ಒಳಗೆ 1816ರ ಕೊಳಗಗಳಿವೆ, ಕಂಚಿನವು. ಕಾಳು ಅಳೆಯುವಾಗ ಜಗಳ ಬಂದರೆ ಇವುಗಳಿಂದ ಅಳೆದು ತೀರ್ಮಾನ ಮಾಡುತ್ತಿದ್ದರು. ನಮ್ಮ ಅಜ್ಜಿ ಮನೆಯ ಕಣ ಕಂಡವಳು ನಾನು. ಅವನ್ನು ನೋಡಿದಾಗಲೆಲ್ಲ ನನಗೆ ಅಲ್ಲಿಂದ ಏಳಲು ಮನಸ್ಸಾಗುವುದಿಲ್ಲ.

ಇನ್ನು ನಿಮ್ಮ ಯಜಮಾನರಿಗಾಗಿ ಒಂದು ಇತಿಹಾಸದ ಜಾಗ. ಆ ಹಳ್ಳಿಗೆ ಅಂಟಿಕೊಂಡೇ ಸೀಜಿನ್‌ಕೋಟ್ ಎಂಬ ಬಂಗಲೆ ಇದೆ. ಈಸ್ಟ್ ಇಂಡಿಯಾ ಕಂಪನಿಯಲ್ಲಿ ದುಡ್ಡು ಮಾಡಿಕೊಂಡು ಬಂದ ಚಾರ್ಲ್ಸ್ ಕಾಕರೆಲ್‌ಗೆ ಅವನ ಅಣ್ಣ, ವಾಸ್ತುಶಿಲ್ಪಿ ಸ್ಯಾಮ್ಯುಯೆಲ್ ಪೆಪಿಸ್ ಕಾಕರೆಲ್, 1805ರ ಸುಮಾರಿಗೆ ಕಟ್ಟಿಕೊಟ್ಟದ್ದು. ತಾಮ್ರದ ಗುಮ್ಮಟ, ಮೂಲೆಗಳಲ್ಲಿ ಛತ್ರಿಯಂಥ ಸಣ್ಣ ಮಂಟಪ, ಪೂರ್ತಿ ಮೊಗಲರ ಶೈಲಿ. ಭಾರತವನ್ನೆಲ್ಲ ಸುತ್ತಿ ಚಿತ್ರ ಬರೆದ ಥಾಮಸ್ ಡೇನಿಯಲ್ ಸಲಹೆ ಕೊಟ್ಟಿದ್ದ. ತೋಟದಲ್ಲಿ ಸೂರ್ಯನ ಗುಡಿ, ಹಾವಿನ ಕಾರಂಜಿ, ಸೇತುವೆಯ ಮೇಲೆ ಕೂತ ಬಸವಗಳು. ಮುಂದೆ ನಾಲ್ಕನೇ ಜಾರ್ಜ್ ಆದ ರಾಜಕುಮಾರ ಇದನ್ನು ನೋಡಿ ಹೋದ. ಬ್ರೈಟನ್ನಿನಲ್ಲಿರುವ ಅವನ ಅರಮನೆ, ಪೆವಿಲಿಯನ್ನಿನ ಹೊರರೂಪಕ್ಕೆ ಪ್ರೇರಣೆ ಇಲ್ಲಿಂದಲೇ. ತೋಟ ವಾರದಲ್ಲಿ ಕೆಲವೇ ದಿನ, ಮಧ್ಯಾಹ್ನದ ಮೇಲೆ ತೆರೆಯುತ್ತದೆ. ಹೊರಡುವ ಮೊದಲು ನೋಡಿಕೊಳ್ಳಿ. ಬಾಗಿಲು ಹಾಕಿದ್ದರೂ ಫುಟ್‌ಪಾತ್ ಆ ಎಸ್ಟೇಟಿನ ಹುಲ್ಲುಗಾವಲಿನ ಮೇಲೆಯೇ ಹಾದು ಹೋಗುತ್ತದೆ, ಮರಗಳ ಸಂದಿಯಿಂದ ಗುಮ್ಮಟ ಕಾಣುತ್ತದೆ.

ಮಂಡಿಗೆ ತೊಂದರೆಯಾದರೆ ಬೋರ್ಟನ್-ಆನ್-ದ-ಹಿಲ್‌ನಿಂದ ಮೋರ್ಟನ್ ಎರಡು ಮೈಲಿ ಅಷ್ಟೇ. ಬೆಳಿಗ್ಗೆಯೇ ಒಂದು ಟ್ಯಾಕ್ಸಿ ನಂಬರ್ ಬರೆದಿಟ್ಟುಕೊಳ್ಳಿ. ದಾರಿಯಲ್ಲಿ ಸಿಗುತ್ತದೆ ಅಂತ ನಂಬಬೇಡಿ.

ಕುಕ್ಕರಹಳ್ಳಿ ಕೆರೆ ಪಕ್ಕದವಳು:

ಅಕ್ಕ, ಓದಿ ಹೇಳಿದೆ. ಬಸವ ಅಂದಾಗ ತಲೆ ಎತ್ತಿದರು! ಊಟದ ಗತಿ ಏನು? ನಾವು ಮೊಟ್ಟೆಯನ್ನೂ ತಿನ್ನುವುದಿಲ್ಲ.

ರೀಡಿಂಗ್ ಹಾಸನದವನು:

ಪಬ್‌ಗಳಲ್ಲಿ ಮಧ್ಯಾಹ್ನ ಎರಡು, ಎರಡೂವರೆಗೆಲ್ಲ ಅಡುಗೆಮನೆ ಮುಚ್ಚುತ್ತಾರೆ. ಆಮೇಲೆ ಹೋದರೆ ಕುಡಿಯುವುದಕ್ಕೆ ಮಾತ್ರ ಸಿಗುತ್ತದೆ. ಒಲೆಯಲ್ಲಿ ಬೇಯಿಸಿದ ದೊಡ್ಡ ಆಲೂಗಡ್ಡೆ, ಮೇಲೆ ಬೀನ್ಸ್, ಇದು ನಿಮಗೆ ಸರಿ. ಸ್ಕೋನ್ ತಿನ್ನುವ ಮೊದಲು ಕೇಳಿ, ಮೇಲೆ ಮೊಟ್ಟೆ ಸವರುವುದು ಇಲ್ಲಿ ಸಾಮಾನ್ಯ. ನಾನಾಗಿದ್ದರೆ ಬ್ರೆಡ್, ಚೀಸ್, ಟೊಮೆಟೊ ಕಟ್ಟಿಕೊಂಡು ಹೋಗುತ್ತಿದ್ದೆ.

ಕುಕ್ಕರಹಳ್ಳಿ ಕೆರೆ ಪಕ್ಕದವಳು:

ನಾನು ಅವರ ಯಜಮಾನ, ಇವತ್ತು ಬರೆಯುತ್ತಿರುವುದು ನಾನು. ಹೋಗಿ ಬಂದೆವು. ಬ್ಲೆನಿಮ್ ಬಿಟ್ಟದ್ದಕ್ಕೆ ಬೇಸರ ಆಗಲಿಲ್ಲ.

ಚಾಮುಂಡಿ ಬೆಟ್ಟದ ನಂದಿಯನ್ನು ನೋಡಿ ಬೆಳೆದವರಿಗೆ ಇಲ್ಲಿನ ಬಸವಗಳು ತೀರಾ ಚಿಕ್ಕವು. ಆದರೂ ಆ ಸೇತುವೆಯ ಮೇಲೆ ಇಬ್ಬರೂ ಜಾಸ್ತಿ ಹೊತ್ತು ನಿಂತೆವು. ಕಂಪನಿಯ ದುಡ್ಡು ಎಲ್ಲಿಂದ ಬಂತು ಅನ್ನುವುದನ್ನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಅದು ಎಲ್ಲಿಗೆ ಹೋಯಿತು ಅನ್ನುವುದನ್ನು ಹೀಗೆ ಎದುರು ನಿಂತು ನೋಡಿದ್ದು ಇದೇ ಮೊದಲು. ತೋಟ ನಿಜಕ್ಕೂ ಸುಂದರವಾಗಿದೆ. ಸಿಟ್ಟೂ ಬಂತು. ಎರಡೂ ನಿಜ. ನನ್ನ ಹೆಂಡತಿ ಸುಮ್ನೆ ಕೇಳಿಸಿಕೊಂಡಳು, ಆಮೇಲೆ ಬ್ರೆಡ್ಡಿನ ಪೊಟ್ಟಣ ಬಿಚ್ಚಿದಳು.

ವಾಪಸ್ ಕೂಡ ನಡೆದೇ ಬಂದೆವು, ನಿಧಾನವಾಗಿ. ಒಂದು ಹೊಲದಲ್ಲಿ ಕುರಿಗಳು ದಾರಿಗೆ ಅಡ್ಡ ಮಲಗಿದ್ದವು, ಅವು ಏಳುವವರೆಗೆ ಕಾದೆವು. ಸಂಜೆ ಎಂಟಾದರೂ ಬಿಸಿಲಿತ್ತು. ಮಂಡಿ ಪರವಾಗಿಲ್ಲ.

ಚೆಲ್ಟನ್‌ಹ್ಯಾಮ್ ಅವರೇ, ಹಾಸನದವರೇ, ಊರಿಗೆ ಬಂದಾಗ ಮೈಸೂರಿಗೆ ಬನ್ನಿ. ಊಟ ನಮ್ಮ ಮನೆಯಲ್ಲೇ.