ಬೆಟ್ಟದ ಸಂದಿನ ನಡುವೆ ಗಾಳಿಮಾಪಕ ಕಡಿಮೆ ತೋರಿಸುತ್ತಿದೆ

ಕಡಲಂಚು:
ತಲೆ ಕೆಟ್ಟುಹೋಗಿದೆ. ಗಾಳಿಮಾಪಕವನ್ನು ಸಂದಿನ ಅತಿ ಕಿರಿದಾದ ಜಾಗದಲ್ಲೇ ನಿಲ್ಲಿಸಿದ್ದೇನೆ. ಕಡಲ ಕಡೆಯ ಬಾಯಲ್ಲಿರುವ ಗೆಳೆಯನ ಮಾಪಕ ಸೆಕೆಂಡಿಗೆ 17 ಮೀಟರ್ ತೋರಿಸುವಾಗ ನನ್ನದು 9 ದಾಟುವುದಿಲ್ಲ. ಕಿರಿದಾದ ಕಡೆ ಗಾಳಿ ಜೋರಾಗಬೇಕಲ್ಲವೇ? ಗಾಳಿಗೆ ತಿರುಗುವ ಬಟ್ಟಲು ಒರೆಸಿದೆ, ತಂತಿ ಬದಲಿಸಿದೆ. ಪ್ರಯೋಜನವಿಲ್ಲ.

ಬಟ್ಟಲುಗಾರ:
ಬೇರಿಂಗ್. ಉಪ್ಪುಗಾಳಿ ಹೊಕ್ಕರೆ ಮುಗಿಯಿತು. ಬೆರಳಿನಿಂದ ತಿರುಗಿಸಿ ಬಿಡಿ, ಗಕ್ಕನೆ ನಿಂತರೆ ಅದೇ ರೋಗ.

ಹಳೆಯ ದಿಕ್ಸೂಚಿ:
ಕಂಬದ ಎತ್ತರ ಎಷ್ಟು? ಗಾಳಿ ಯಾವ ಕಡೆಯಿಂದ? ಇದಾವುದನ್ನೂ ಹೇಳದಿದ್ದರೆ ನಾವೇನು ಕಣಿ ಹೇಳಬೇಕೇ?

ಕಡಲಂಚು:
ಒಳನಾಡಿನಿಂದ ಕಡಲಿಗೆ, ಮತ್ತೆಲ್ಲಿಂದ? ಕಂಬ ಮಾಮೂಲಿ ಎತ್ತರದ್ದು. ಬಟ್ಟಲು ಸಲೀಸಾಗಿ ತಿರುಗುತ್ತದೆ.

ಬಟ್ಟಲುಗಾರ:
ಕೈಯಲ್ಲಿ ತಿರುಗಿದ್ದು ಲೆಕ್ಕಕ್ಕಿಲ್ಲ. ಬೇರಿಂಗ್ ಬದಲಿಸಿ.

ಸಮಭಾರರೇಖೆ:
ಬೇರಿಂಗ್ ಪುರಾಣ ಸಾಕು. ಕೊಳವೆ ಕಿರಿದಾದಲ್ಲಿ ನೀರು ವೇಗ ಪಡೆಯುವ ಲೆಕ್ಕವನ್ನು ಎಲ್ಲರೂ ಇಲ್ಲಿಗೆ ಎಳೆದು ತರುತ್ತಾರೆ. ಕೊಳವೆಗೆ ಮೇಲ್ಭಾಗ ಮುಚ್ಚಿದೆ, ಸಂದಿಗೆ ಇಲ್ಲ. ಇಲ್ಲಿ ಗಾಳಿಯನ್ನು ದೂಡುವುದು ಎರಡು ತುದಿಗಳ ಒತ್ತಡದ ವ್ಯತ್ಯಾಸ. ಬೆಟ್ಟದ ಹಿಂದೆ ತಂಪಾದ, ಭಾರವಾದ ಗಾಳಿ ಕಟ್ಟಿಕೊಂಡಿರುತ್ತದೆ. ಕಡಲ ಮೇಲೆ ಒತ್ತಡ ಕಡಿಮೆ. ಇಕ್ಕೆಲದ ಗೋಡೆಗಳು ಭೂಮಿಯ ತಿರುಗುವಿಕೆಯಿಂದಾಗುವ ಬಾಗುವಿಕೆಗೆ ಅವಕಾಶ ಕೊಡುವುದಿಲ್ಲ. ಹಾಗಾಗಿ ಗಾಳಿ ನೇರವಾಗಿ ಕಡಿಮೆ ಒತ್ತಡದತ್ತ ಓಡುತ್ತ ದಾರಿಯುದ್ದಕ್ಕೂ ವೇಗ ಕೂಡಿಸಿಕೊಳ್ಳುತ್ತದೆ. ಹೊರಬಾಯಲ್ಲಿ ತಂಪು ಪದರ ಹರಡಿ ತೆಳುವಾಗುವಾಗ ವೇಗ ಇನ್ನಷ್ಟು ಏರುತ್ತದೆ. ತಿಕ್ಕಾಟವನ್ನು ಬದಿಗಿಟ್ಟರೆ, ನಿಂತ ಗಾಳಿಗೆ 2 ಹೆಕ್ಟೋಪಾಸ್ಕಲ್ (ಒತ್ತಡದ ಅಳತೆ) ವ್ಯತ್ಯಾಸ ಸಿಕ್ಕರೂ ಸೆಕೆಂಡಿಗೆ ಸುಮಾರು 18 ಮೀಟರ್ ವೇಗ ಬರುತ್ತದೆ. ಅಮೆರಿಕ, ಕೆನಡಾ ನಡುವಿನ ಹುವಾನ್ ದೆ ಫುಕಾ ಜಲಸಂಧಿಯಲ್ಲೂ ಮೂಡಣ ಗಾಳಿಯ ಅಬ್ಬರ ಪಶ್ಚಿಮದ ಬಾಯಲ್ಲೇ ಹೆಚ್ಚು. ಮೆಕ್ಸಿಕೊದ ತೆವಾಂತೆಪೆಕ್‌ನಲ್ಲಿ ಚಿವೆಲಾ ಕಣಿವೆಯಿಂದ ನುಗ್ಗಿದ ಗಾಳಿ ಪೆಸಿಫಿಕ್ ಮೇಲೆ ನೂರಾರು ಕಿಲೋಮೀಟರ್ ಹೋಗುತ್ತದೆ.

ಹಳೆಯ ದಿಕ್ಸೂಚಿ:
ಹಾಗಾದರೆ ಸ್ಪೇನ್, ಮೊರಾಕೊ ನಡುವಿನ ಜಿಬ್ರಾಲ್ಟರ್ ಜಲಸಂಧಿ? ಲೆವಾಂತೆ ಗಾಳಿಗೆ ಹೆಸರಾದ ತರೀಫಾ ಪಟ್ಟಣ ಆ ಜಲಸಂಧಿಯ ಕಿರಿದಾದ ಭಾಗದ ಬಳಿಯೇ ಇದೆ.

ಸಮಭಾರರೇಖೆ:
ಲೆವಾಂತೆ ಪೂರ್ವದಿಂದ ಬೀಸುತ್ತದೆ. ತರೀಫಾ ದಾಟಿದ ಮೇಲೆ ಜಲಸಂಧಿ ಪಶ್ಚಿಮಕ್ಕೆ ಅಗಲವಾಗುತ್ತದೆ. ನಕ್ಷೆ ಬಿಡಿಸಿ ನೋಡಿ.

ಹಳೆಯ ದಿಕ್ಸೂಚಿ:
ನಕ್ಷೆ ನೋಡಿಯೇ ಹೇಳಿದ್ದು. ಕಿರಿದಾಗುವುದರ ಪಾತ್ರ ಏನೇನೂ ಇಲ್ಲ ಎನ್ನುವುದು ಅತಿಯಾಯಿತು.

ಕಡಲಂಚು:
ಜಿಬ್ರಾಲ್ಟರ್ ಬಿಡಿ, ನನ್ನ ಮಾಪಕ? ಅಂದ ಹಾಗೆ ನನ್ನ ಕಂಬ 3 ಮೀಟರ್, ಗೆಳೆಯನದು 10. ಅದರಿಂದೇನೂ ಆಗದು ತಾನೇ?

ಸಮಭಾರರೇಖೆ:
ಇದನ್ನು ಮೊದಲೇ ಹೇಳಬಾರದೇ! ಬಯಲು ನೆಲದ ಮೇಲೂ 3 ಮೀಟರಿನಲ್ಲಿ ಗಾಳಿ 10 ಮೀಟರಿನಲ್ಲಿರುವುದಕ್ಕಿಂತ ಐದನೇ ಒಂದು ಪಾಲಿನಷ್ಟು ಕಡಿಮೆ. ಸುತ್ತ ಪೊದೆ ಇದ್ದರೆ ಇನ್ನೂ ಕಡಿಮೆ. ಉಳಿದ ವ್ಯತ್ಯಾಸಕ್ಕೆ ಎರಡೂ ತುದಿಗಳಲ್ಲಿ ವಾಯುಭಾರಮಾಪಕ ಇಟ್ಟು, ಸಮುದ್ರಮಟ್ಟಕ್ಕೆ ತಿದ್ದಿ ಹೋಲಿಸಿ. ಗಾಳಿ ಕಡಲಿನಿಂದ ಒಳಕ್ಕೆ ಬೀಸುವ ದಿನ ಗೆಳೆಯನ ಮಾಪಕದ ಮೇಲುಗೈ ಕುಗ್ಗಬೇಕು. ಆಗಲೂ ಅವರದೇ ಎರಡು ಪಟ್ಟು ತೋರಿಸಿದರೆ ಮಾಪಕಗಳನ್ನು ಅದಲುಬದಲು ಮಾಡಿ.

ಬಟ್ಟಲುಗಾರ:
ಇದಕ್ಕೇ ನಾನು ಶಬ್ದದ ಅಲೆಗಳಿಂದ ಗಾಳಿ ಅಳೆಯುವ ಅಲ್ಟ್ರಾಸಾನಿಕ್ ಮಾಪಕ ಹಾಕಿದ್ದು. ತಿರುಗುವ ಭಾಗವೇ ಇಲ್ಲ. 10 ಮೀಟರ್ ಕಂಬ, ಮೂರು ಕಡೆ ಬಿಗಿತಂತಿ, ಸೌರಫಲಕ. ಚಿತ್ರ ಹಾಕಲೇ?

ಹಳೆಯ ದಿಕ್ಸೂಚಿ:
ಮಳೆಹನಿ ಸಂವೇದಕದ ಮೇಲೆ ಕೂತಾಗ ಅದೇನು ತೋರಿಸುತ್ತದೆ ಎಂಬ ಚಿತ್ರವನ್ನೂ ಹಾಕಿ.

ಬಟ್ಟಲುಗಾರ:
ಅದಕ್ಕೆ ಬೇರೆ ಚರ್ಚೆ ತೆರೆಯುತ್ತೇನೆ, ಅಲ್ಲಿಗೆ ಬನ್ನಿ.