ಬಾಡಿಗೆ ಏರಿಕೆಗೆ ಬಾಯಿಮಾತಿನ ಸೂಚನೆ ಸಾಕೇ?

ಬಾಡಿಗೆದಾರ: ಕರಾರಿನ ಅವಧಿ ಮುಗಿಯಲು ಇನ್ನೂ ಕೆಲವು ತಿಂಗಳುಗಳಿವೆ. ಹೀಗಿರುವಾಗ ಮುಂದಿನ ತಿಂಗಳಿಂದಲೇ ಬಾಡಿಗೆ ಹೆಚ್ಚಾಗುತ್ತದೆ ಎಂದು ಮಾಲೀಕರು ಮಾತಿನ ನಡುವೆ ತಿಳಿಸಿದ್ದಾರೆ. ಇದನ್ನು ನೋಟಿಸ್ ಎಂದು ಪರಿಗಣಿಸಬೇಕೇ?

ಮನೆ ಮಾಲೀಕ: ನಾನೂ ಮನೆ ಬಾಡಿಗೆಗೆ ಕೊಟ್ಟವನೇ. ಬಹುಕಾಲದಿಂದ ಚೆನ್ನಾಗಿರುವವರಿಗೆ ಪತ್ರ ಕಳುಹಿಸಿದರೆ ಜಗಳಕ್ಕೆ ನಿಂತಂತೆ ಕಾಣುತ್ತದೆ. ಎದುರಿಗೆ ಕುಳಿತು ಹೇಳುವುದೇ ಮರ್ಯಾದೆ ಎಂಬುದು ನನ್ನ ಅಭಿಪ್ರಾಯ.

ವಕೀಲೆ: ಎದುರಿಗೆ ಹೇಳಿ, ನಂತರ ಅದನ್ನೇ ಬರೆದುಕೊಡಿ, ಒಂದು ಇನ್ನೊಂದಕ್ಕೆ ಅಡ್ಡಿಯಲ್ಲ. ಆದರೆ ಮೊದಲು ಕರಾರು ಪತ್ರವನ್ನು ತೆರೆದು ನೋಡಬೇಕು. ಅವಧಿ ನಿಗದಿಯಾಗಿರುವ ಕರಾರಿನಲ್ಲಿ ಏರಿಕೆಯ ಮೊತ್ತವನ್ನಾಗಲಿ ಅದನ್ನು ಲೆಕ್ಕಹಾಕುವ ಕ್ರಮವನ್ನಾಗಲಿ ಮೊದಲೇ ಬರೆದಿರದಿದ್ದರೆ, ಬಾಡಿಗೆದಾರರು ಒಪ್ಪದ ಹೊರತು ನಡುವೆ ಬಾಡಿಗೆ ಏರಿಸಲು ಸಾಮಾನ್ಯವಾಗಿ ಅವಕಾಶವಿರುವುದಿಲ್ಲ, ಎಷ್ಟೇ ಅಚ್ಚುಕಟ್ಟಾಗಿ ನೋಟಿಸ್ ಬರೆದರೂ ಅಷ್ಟೇ. ತಿಂಗಳಿಂದ ತಿಂಗಳಿಗೆ ಮುಂದುವರಿಯುವ ಬಾಡಿಗೆಯಲ್ಲಾದರೆ ನೋಟಿಸಿನ ಗಡುವು ಮುಖ್ಯವಾಗುತ್ತದೆ. ಅದೂ ಎಲ್ಲೆಡೆ ಒಂದೇ ಅಲ್ಲ: ಕ್ಯಾಲಿಫೋರ್ನಿಯಾದಲ್ಲಿ ವರ್ಷದೊಳಗಿನ ಏರಿಕೆ ಶೇ. 10ರೊಳಗಿದ್ದರೆ 30 ದಿನ, ಮೀರಿದರೆ 90 ದಿನ. ಕೆನಡಾದ ಒಂಟಾರಿಯೊದಲ್ಲಿ 90 ದಿನ. ಭಾರತದ 2021ರ ಮಾದರಿ ಬಾಡಿಗೆ ಕಾಯ್ದೆಯಲ್ಲಿ, ಕರಾರು ಬೇರೆ ಹೇಳದಿದ್ದರೆ, ಮೂರು ತಿಂಗಳ ಲಿಖಿತ ನೋಟಿಸ್. ಈ ಕೊನೆಯದು ಮಾದರಿ ಮಾತ್ರ. ರಾಜ್ಯವು ಅಳವಡಿಸಿಕೊಂಡ ಮೇಲೆಯೇ ಅನ್ವಯವಾಗುತ್ತದೆ.

ಮನೆ ಮಾಲೀಕ: ತೆರಿಗೆಯೂ ದುರಸ್ತಿಯ ಖರ್ಚೂ ಯಾರಿಗೂ ನೋಟಿಸ್ ಕೊಟ್ಟು ಏರುವುದಿಲ್ಲವಲ್ಲ! ಮೂರು ತಿಂಗಳು ಹಳೆಯ ದರಕ್ಕೇ ಕಾಯಬೇಕೆಂದರೆ ನಷ್ಟ ನಮ್ಮದೇ.

ಇನ್ನೊಬ್ಬ ಬಾಡಿಗೆದಾರ: ಆ ಕಾಲಾವಕಾಶ ಇರುವುದೇ ಹೊಸ ದರಕ್ಕೆ ಉಳಿಯಬೇಕೋ ಬೇರೆ ಮನೆ ಹುಡುಕಬೇಕೋ ಎಂದು ನಾವು ತೀರ್ಮಾನಿಸಲು. ಹೇಗೂ ಖರ್ಚು ಏರುತ್ತದೆಂದು ತಮಗೆ ಗೊತ್ತಿದ್ದರೆ, ವಾರ್ಷಿಕ ಏರಿಕೆಯನ್ನು ಕರಾರಿನಲ್ಲೇ ಬರೆಸಬಹುದಲ್ಲವೇ? ಅಂದಹಾಗೆ, ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದರೆ ನಡೆಯುತ್ತದೆಯೇ?

ವಕೀಲೆ: ಕರಾರೂ ಸ್ಥಳೀಯ ಕಾನೂನೂ ಒಪ್ಪಿದರೆ ನಡೆಯಬಹುದು; ಆದರೂ ಸಹಿ ಮಾಡಿದ ಪತ್ರವನ್ನು ಕೊಟ್ಟು, ಅದರ ಪ್ರತಿಯ ಮೇಲೆ ದಿನಾಂಕಸಹಿತ ಸ್ವೀಕೃತಿ ಪಡೆಯುವುದು ಉತ್ತಮ. ಮನೆಯ ವಿಳಾಸ, ಈಗಿನ ಬಾಡಿಗೆ, ಹೊಸ ಬಾಡಿಗೆ, ಅದು ಜಾರಿಗೆ ಬರುವ ದಿನ, ಇಷ್ಟು ಸ್ಪಷ್ಟವಾಗಿರಲಿ. ಬರೆದ ದಿನದಿಂದ ಗಡುವು ಎಣಿಸುವವರೇ ಹೆಚ್ಚು, ವಿವಾದವೂ ಅಲ್ಲೇ ಹುಟ್ಟುತ್ತದೆ. ಬಾಡಿಗೆದಾರರ ಕೈಸೇರಿದ ದಿನದಿಂದ ಎಣಿಸಿದರೆ ಮಾಲೀಕರಿಗೂ ಕ್ಷೇಮ.

ಬಾಡಿಗೆದಾರ: ಹಾಗಾದರೆ ನಾನು ಸುಮ್ಮನೆ ಹಳೆಯ ಬಾಡಿಗೆಯನ್ನೇ ಕಟ್ಟುತ್ತಾ ಹೋಗಬಹುದೇ?

ವಕೀಲೆ: ಕಟ್ಟಿ, ಆದರೆ ಸುಮ್ಮನಿರಬೇಡಿ. ಕರಾರಿನ ಯಾವ ಷರತ್ತಿನ ಪ್ರಕಾರ ಏರಿಕೆ ಎಂದು ಬರಹದಲ್ಲೇ ಕೇಳಿ. ಹೊಸ ಮೊತ್ತವನ್ನು ಆಕ್ಷೇಪವಿಲ್ಲದೆ ಕಟ್ಟಿದರೆ ಅದನ್ನು ಒಪ್ಪಿಗೆಯೆಂದು ವಾದಿಸಲು ಎಡೆಯಾಗುತ್ತದೆ. ಮಾದರಿ ಕಾಯ್ದೆಯಲ್ಲಂತೂ, ಸರಿಯಾದ ನೋಟಿಸ್ ತಲುಪಿದ ಮೇಲೂ ಮನೆ ಬಿಡುವುದಾಗಿ ಬಾಡಿಗೆದಾರರು ತಿಳಿಸದಿದ್ದರೆ ಏರಿಕೆಯನ್ನು ಒಪ್ಪಿದಂತೆಯೇ ಲೆಕ್ಕ.

ಮನೆ ಮಾಲೀಕ: ಬರೆದುಕೊಡುತ್ತೇನೆ, ಸರಿ. ಆದರೆ ಮೊದಲು ಮನೆಗೆ ಹೋಗಿ ಹೇಳಿಯೇ ಕೊಡುತ್ತೇನೆ.